ಹೊಳಪಿನ ಕೆಳಗಿನ ಬಣ್ಣ

ಈಚಿನ ಕೆಲವು ವರ್ಷಗಳಿಂದ ಬೈಲಹೊಂಗಲದ ಪೇಟೆಯಲ್ಲಿ ಹೊಸ ಕಾರು ಕೊಂಡವರು ನನ್ನನ್ನು ಕೇಳುವ ಮೊದಲನೆಯ ಪ್ರಶ್ನೆ ‘ಸೆರಾಮಿಕ್ ಕೋಟಿಂಗ್ ಮಾಡಸ್ಲೇನ್ರಿ?’ ಎಂಬುದು; ಟ್ರ್ಯಾಕ್ಟರಿಗೆ ಹೊಸ ಟ್ರೇಲರು ಕಟ್ಟಿಸಿದವರು ಕೇಳುವುದು ‘ಯಾವ ಬಣ್ಣ ಭಾಳ ಮಿಂಚತೈತ್ರಿ?’ ಎಂಬುದು. ಎರಡು ಪ್ರಶ್ನೆಗಳೂ ಮೇಲ್ಮೈಯನ್ನು ಕುರಿತವು. ತುಕ್ಕಾದರೋ ಎಂದೂ ಮೇಲಿನಿಂದ ಇಳಿದು ಬರುವುದಲ್ಲ. ಬಣ್ಣಕ್ಕೂ ಕಬ್ಬಿಣಕ್ಕೂ ನಡುವೆ ಎಲ್ಲಿ ಒಂದು ಕೂದಲೆಳೆಯ ಸಂದು ದೊರೆಯುವುದೋ ಅಲ್ಲಿ ಹುಟ್ಟಿ, ಒಳಗೊಳಗೇ ಹರಡಿ, ಹೊಳಪು ಇನ್ನೂ ಮಾಸದಿರುವಾಗಲೇ ತಗಡನ್ನು ತಿಂದು ಮುಗಿಸುವಂಥದು. ನಾಲ್ಕು ದಶಕಗಳ ಕಾಲ ಈ ಕೆಲಸದಲ್ಲಿಯೇ ಕೈ ಕೆಂಪಾಗಿಸಿಕೊಂಡವನಾದ ನನಗೆ, ವಾಹನಕ್ಕೆ ಬಳಿಯುವ ರಕ್ಷಣಾಲೇಪನದ ವಿದ್ಯೆ ನಡೆದು ಬಂದ ದಾರಿಯನ್ನು ಒಮ್ಮೆ ಹಿಂತಿರುಗಿ ನೋಡುವುದು ಅವಶ್ಯವೆಂದು ತೋರಿರುವುದಕ್ಕೆ ಈ ಎರಡು ಪ್ರಶ್ನೆಗಳೇ ಕಾರಣ.

ನಮ್ಮ ಸೀಮೆಯ ಆದಿವಾಹನ ಚಕ್ಕಡಿ. ಅದರ ಮರಕ್ಕೆ ನೀರು ಹೊಗದಂತೆ ಮಾಡಲು ಎರೆಹೊಲದಲ್ಲಿಯೇ ಬೆಳೆದ ಅಗಸೆ, ಕುಸುಬೆಗಳ ಎಣ್ಣೆ ಸಾಕಾಗಿತ್ತು. ಇವೆರಡೂ ಒಣಗುವ ಜಾತಿಯ ಎಣ್ಣೆಗಳು. ಒಣಗುವುದೆಂದರೆ ನೀರಿನಂತೆ ಆರಿಹೋಗುವುದಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ತಾವೇ ಗಟ್ಟಿಯಾದ ಪೊರೆಯಾಗಿ ಮಾರ್ಪಡುವುದು. ಕುಸುಬೆಯೆಣ್ಣೆಯನ್ನು ಗಂಟೆಗಟ್ಟಲೆ ಕಾಯಿಸಿ ಮಾಡುತ್ತಿದ್ದ ರೋಗನ್ ಎಂಬ ದ್ರವ್ಯವನ್ನು ತೊಗಲು ನೀರಿನಲ್ಲಿ ಕೊಳೆಯದಂತೆ ಬಳಿಯುತ್ತಿದ್ದುದೂ ಇದೇ ತತ್ತ್ವದ ಮೇಲೆ. ಮುಂದೆ ಮೋಟಾರು ಬಂದಿತು. ಮೊದಮೊದಲು ಕುದುರೆಗಾಡಿಗೆ ಬಳಿದಂತೆಯೇ ಎಣ್ಣೆಯ ವಾರ್ನಿಶನ್ನು ಪದರಪದರವಾಗಿ ಬಳಿದು ವಾರಗಟ್ಟಲೆ ಒಣಗಿಸಬೇಕಾಗಿದ್ದಿತು. 1923ರ ಸುಮಾರಿಗೆ ಅಮೆರಿಕದ ಡ್ಯುಪಾಂಟ್ ಕಂಪನಿ ಡ್ಯೂಕೋ ಎಂಬ ನೈಟ್ರೋಸೆಲ್ಯುಲೋಸ್ ಲೇಪನವನ್ನು ಹೊರತಂದು ಆ ವಾರಗಳನ್ನು ಗಂಟೆಗಳಿಗೆ ಇಳಿಸಿತು. ಆ ಹೆಸರು ಅಂದಿನಿಂದ ಎಷ್ಟು ಬೇರೂರಿತೆಂದರೆ, ಯಾವ ಕಂಪನಿಯ ಬಣ್ಣವನ್ನು ಗನ್ನಿನಿಂದ ಹೊಡೆದರೂ ನಮ್ಮ ಗ್ಯಾರೇಜುಗಳಲ್ಲಿ ಅದು ‘ಡ್ಯೂಕೋ’ವೇ ಆಯಿತು. 1920ರ ದಶಕದಲ್ಲಿಯೇ ಆಲ್ಕಿಡ್ ರಾಳವೂ ಬಂದಿತು. ಇನಾಮಲ್ ಪೇಂಟೆಂದು ನಾವು ಕರೆಯುವುದು ಬಹುಮಟ್ಟಿಗೆ ಇದನ್ನೇ. ಕನ್ನಡನಾಡಿನಲ್ಲಿ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಮೈಸೂರಿನಲ್ಲಿ ಅರಗು ಮತ್ತು ಬಣ್ಣಗಳ ಕಾರ್ಖಾನೆ ಸ್ಥಾಪಿತವಾಯಿತು. ಇಂದು ಜನ ಅದನ್ನು ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಶಾಯಿಗಾಗಿ ಬಲ್ಲರೇ ಹೊರತು ಬಣ್ಣಕ್ಕಾಗಿ ಅಲ್ಲ. ಬಣ್ಣದ ವಿದ್ಯೆಗೆ ನಾವು ತೋರಿದ ಗೌರವ ಅಷ್ಟರದೇ ಎಂದು ನನಗೆ ಖೇದವಾಗುತ್ತದೆ.

ನಿಜವಾದ ಕಥೆಯಿರುವುದು ತಳದ ಬಣ್ಣದಲ್ಲಿ, ಅಂದರೆ ಪ್ರೈಮರಿನಲ್ಲಿ. ಹಿಂದಿನವರು ಕಬ್ಬಿಣಕ್ಕೆ ಮೊದಲು ಬಳಿಯುತ್ತಿದ್ದುದು ಸೀಸದ ಸಿಂಧೂರವನ್ನು ಅಗಸೆಯೆಣ್ಣೆಯಲ್ಲಿ ಅರೆದು. ಸಿಂಧೂರವು ಎಣ್ಣೆಯೊಡನೆ ಕೂಡಿ ಸೀಸದ ಸಾಬೂನುಗಳಾಗಿ, ಕಬ್ಬಿಣದ ಮೇಲೆ ತುಕ್ಕಿನ ಕ್ರಿಯೆಯನ್ನೇ ತಡೆಯುತ್ತಿದ್ದಿತು. ಅದು ವಿಷವೆಂಬುದು ತಿಳಿದ ಮೇಲೆ ಅದರ ಸ್ಥಾನಕ್ಕೆ ಬಂದುದು ರೆಡ್ ಆಕ್ಸೈಡ್, ಎಂದರೆ ನಮ್ಮ ಹುರಮಂಜಿನ ಕುಲದ ಕೆಂಪು. ಕೆಂಪಿಗೆ ಕೆಂಪು ಸರಿಹೋಯಿತೆಂದು ಜನ ನಂಬಿದರು. ಹುರಮಂಜು ಸ್ವತಃ ತುಕ್ಕಿನದೇ ಜ್ಞಾತಿ, ಅದು ತುಕ್ಕನ್ನು ತಡೆಯಲಾರದು, ನೀರಿಗೆ ಅಡ್ಡವಾಗಿ ಮಾತ್ರ ನಿಲ್ಲಬಲ್ಲದು. ಇದನ್ನರಿತೇ ಭಾರತೀಯ ಮಾನಕ ಸಂಖ್ಯೆ 2074ರಲ್ಲಿ ರೆಡ್ ಆಕ್ಸೈಡಿನೊಡನೆ ಜಿಂಕ್ ಕ್ರೋಮ್ ಸೇರಿಸಿದರು. ಆ ಕ್ರೋಮವೂ ಅರ್ಬುದಕಾರಿಯೆಂದು ತಿಳಿದ ಮೇಲೆ ಜಿಂಕ್ ಫಾಸ್ಫೇಟು ಮುಂದೆ ಬಂದಿತು. ಡಬ್ಬಿಯ ಮೇಲೆ ಈ ಸತುವಿನ ಹೆಸರಿದೆಯೇ ಎಂದು ನೋಡದೆ, ಬರಿಯ ಕೆಂಪನ್ನು ಕಂಡು ಕೊಳ್ಳುವವನು ಹಣ ಕೊಟ್ಟು ಮೋಸಹೋಗುವನು.

ನಾನು ಈ ಕಸುಬಿಗೆ ಬಂದ ಕಾಲಕ್ಕೆ ನವಿಲುತೀರ್ಥದ ಅಣೆಕಟ್ಟಿನ ನೀರು ಹೊಲಗಳಿಗೆ ಹರಿದು, ಜೋಳ ಹತ್ತಿಗಳಿದ್ದೆಡೆ ಕಬ್ಬು ಬರತೊಡಗಿದ್ದಿತು, ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಕ್ಕರೆ ಕಾರ್ಖಾನೆಯ ಕಡೆಗೆ ಹಂಗಾಮಿನ ತಿಂಗಳುಗಳಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದ ವಾಹನಗಳಲ್ಲಿ ಚಕ್ಕಡಿ ಕಡಮೆಯಾಗಿ ಟ್ರೇಲರು ಹೆಚ್ಚಾಗುತ್ತ ನಡೆದಿದ್ದಿತು. ನನ್ನ ಉಸ್ತಾದರು ಹೊಸ ತಗಡು ಬಂದೊಡನೆ ಬಣ್ಣದ ಡಬ್ಬಿಯನ್ನು ತೆರೆಯಗೊಡುತ್ತಿರಲಿಲ್ಲ. ಕುಲುಮೆಯಿಂದ ಬರುವಾಗಲೇ ಉಕ್ಕಿನ ಮೈಗೆ ನೀಲಿಗಪ್ಪಾದ ಒಂದು ಪೊರೆ ಕಟ್ಟಿಕೊಂಡಿರುತ್ತದೆ. ನೋಡುವುದಕ್ಕೆ ನುಣುಪು, ಅಂದ. ಆ ಪೊರೆ ಬಿಸಿಲಿಗೂ ಹೊರೆಗೂ ಬಿರಿದು ಒಂದು ದಿನ ಸುಲಿದು ಬರುವಾಗ ಅದರ ಮೇಲಿನ ಬಣ್ಣವೆಲ್ಲ ಅದರೊಡನೆ ಸುಲಿದು ಬರುವುದು ಅನಿವಾರ್ಯ. ಆದುದರಿಂದ ನಾವು ಹುಡುಗರು ತಂತಿಯ ಬ್ರಶ್ಶು, ಪಾಲಿಶ್ ಕಾಗದಗಳಿಂದ ದಿನವಿಡೀ ತಿಕ್ಕಿ, ಉಕ್ಕಿನ ಬೂದುಬಿಳುಪು ಕಂಡ ಮೇಲೆ ಥಿನ್ನರಿನಿಂದ ಒರೆಸಿ, ಅದೇ ದಿನ ಸೂರ್ಯ ಮುಳುಗುವುದರೊಳಗೆ ಪ್ರೈಮರು ಬಳಿಯತಕ್ಕದ್ದು ಎಂಬುದು ಅವರ ಕಟ್ಟಳೆ. ಒಂದು ರಾತ್ರಿಯ ಇಬ್ಬನಿ ಬಿದ್ದರೆ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಿಸುತ್ತಿದ್ದರು. ಆ ಪಂಥದ ಕೆಲಸವನ್ನು ಇಂದಿನ ಅವಸರದ ಕೆಲಸಕ್ಕಿಂತ ಶ್ರೇಷ್ಠವೆಂದು ನಾನು ಈಗಲೂ ನಿಸ್ಸಂಕೋಚವಾಗಿ ಹೇಳುವೆನು. ಒಮ್ಮೆ ಮಾತ್ರ, ಗಿರಾಕಿಯ ಅವಸರಕ್ಕೆ ಮಣಿದು ನಾನೇ ನೀಲಿ ಪೊರೆಯ ಮೇಲೆ ಬಣ್ಣ ಹೊಡೆದೆ. ಎರಡನೆಯ ಹಂಗಾಮಿಗೆ ಅದು ಹಪ್ಪಳದಂತೆ ಎದ್ದು ನಿಂತಿತು.

ಲೇಪನವನ್ನು ಆರಿಸುವವನು ಮೊದಲು ತನ್ನ ಊರನ್ನು ನೋಡಬೇಕೆಂಬುದು ಆಗಲೇ ನನಗೆ ಮನದಟ್ಟಾದ ಸಂಗತಿ. ಕಿತ್ತೂರು ಮಲೆನಾಡಿನ ಸೆರಗು. ಮಳೆಗಾಲದಲ್ಲಿ ವಾಹನದ ಅಡಿಭಾಗ ದಿನಗಟ್ಟಲೆ ಒಣಗುವುದೇ ಇಲ್ಲ. ಪೂರ್ವಕ್ಕೆ ಸರಿದಂತೆ ಮಳೆ ಕಡಮೆಯಾಗುತ್ತ, ರಾಮದುರ್ಗಕ್ಕೆ ಬರುವ ಹೊತ್ತಿಗೆ ಬಣ್ಣದ ಶತ್ರು ನೀರಾಗಿರದೆ ಬಿಸಿಲಾಗಿರುತ್ತದೆ. ಅಲ್ಲಿ ಇನಾಮಲಿನ ರಾಳ ಸತ್ತು, ಕೈಯಾಡಿಸಿದರೆ ಬಣ್ಣವು ಸೀಮೆಸುಣ್ಣದಂತೆ ಪುಡಿಯಾಗಿ ಅಂಟುವುದನ್ನು ಯಾರೂ ಕಾಣಬಹುದು. ಬೈಲಹೊಂಗಲ, ಸವದತ್ತಿಗಳ ಎರೆಮಣ್ಣು ಮೂರನೆಯ ಪರಿಯ ಶತ್ರು: ಅದು ಚಾಸಿಯ ಸಂದುಗೊಂದುಗಳಲ್ಲಿ ಮೆತ್ತಿ, ಒದ್ದೆಯ ಪಟ್ಟಿಯಂತೆ ತೇವವನ್ನು ಹಿಡಿದುಕೊಂಡು, ಮೇಲೆ ಒಣಗಿದಂತೆ ಕಂಡರೂ ಒಳಗೆ ಕೊರೆಯುತ್ತಿರುತ್ತದೆ. ಇವೆಲ್ಲಕ್ಕೂ ಮಿಗಿಲಾದುದು ಹೊರೆ. ಟ್ರೇಲರಿನಲ್ಲಿ ಮಳೆಗಾಲಕ್ಕೆ ಯೂರಿಯಾ, ಪೊಟ್ಯಾಶು ಬರುತ್ತವೆ. ಪೊಟ್ಯಾಶೆಂಬುದು ಬಹುತೇಕ ಕ್ಲೋರೈಡು, ಅಡುಗೆಯ ಉಪ್ಪಿನ ಒಡಹುಟ್ಟಿದುದು, ಉಕ್ಕಿಗೆ ಪರಮ ವೈರಿ. ಚಳಿಗಾಲಕ್ಕೆ ಕಬ್ಬು ಬರುತ್ತದೆ. ಅದರ ಹಾಲು ಹುಳಿಗುಣದ್ದು, ನಿಂತಲ್ಲಿ ಇನ್ನಷ್ಟು ಹುಳಿಯುವಂಥದು. ಪಟ್ಟಣದ ಕಾರಿಗೆ ಹೇಳಿದ ಔಷಧವು ಈ ಟ್ರೇಲರಿಗೆ ಹೇಗೆ ಸಲ್ಲುವುದು?

ಕಾರ್ಖಾನೆಯ ವಾಹನಗಳಲ್ಲಿ ಕ್ರಾಂತಿಯಾದುದು 1960ರ ದಶಕದಲ್ಲಿ, ಇಡಿಯ ಒಡಲನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನಿಂದ ಪ್ರೈಮರನ್ನು ಹತ್ತಿಸುವ ಕ್ರಮ ಬಂದಾಗ. ಬ್ರಶ್ಶೂ ಗನ್ನೂ ತಲುಪದ ಪೊಳ್ಳುಗಳೊಳಕ್ಕೂ ಅದು ಹೊಕ್ಕಿತು. ಇಂದಿನ ಕಾರುಗಳು ಹಿಂದಿನವಕ್ಕಿಂತ ಬಹುಕಾಲ ತುಕ್ಕಿಲ್ಲದೆ ಬಾಳುವುದಕ್ಕೆ ಕಾರಣ ಅದು, ಮೇಲಿನ ಮಿಂಚಲ್ಲ. ಅನಂತರ ಬಂದ ಎರಡು ಡಬ್ಬಿಯ ಪಾಲಿಯುರೆಥೇನ್ ಬಣ್ಣ ಬಿಸಿಲಿಗೆ ಇನಾಮಲಿಗಿಂತ ಬಹಳ ಗಟ್ಟಿ. ಅದರ ಗುಣವನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅದರ ಹಾರ್ಡನರಿನಲ್ಲಿರುವ ಐಸೋಸಯನೇಟು ಉಸಿರಿಗೆ ಸೇರಿದರೆ ಶಾಶ್ವತವಾದ ಉಬ್ಬಸವನ್ನು ತರಬಲ್ಲದು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಗನ್ನು ಹಿಡಿಯುವ ನಮ್ಮ ಹುಡುಗರಿಗೆ ಇದನ್ನು ಹೇಳುವವರು ಯಾರು?

ಇನ್ನು ಸೆರಾಮಿಕ್. ಇದು ಸಿಲಿಕಾದ ಒಂದು ತೆಳುಪೊರೆ, ಕೆಲವೇ ಮೈಕ್ರಾನಿನದು. ಅದರ ಕೆಳಗಿನ ಕಾರ್ಖಾನೆಯ ಬಣ್ಣವೆಲ್ಲ ಸೇರಿ ನೂರು ಮೈಕ್ರಾನಿನ ಆಸುಪಾಸು. ಈ ಪೊರೆಯ ಮೇಲೆ ಧೂಳು ಕೂರುವುದು ಕಡಮೆ, ತೊಳೆಯುವುದು ಸುಲಭ; ಇಷ್ಟು ನಿಜ. ‘9ಎಚ್’ ಎಂಬ ಗಡಸುತನ ವಜ್ರದ ಸಮೀಪದ್ದೆಂದು ಜನ ತಿಳಿಯುತ್ತಾರೆ; ಅದು ಪೆನ್ಸಿಲಿನ ಮೊನೆಯಿಂದ ಗೀರಿ ನೋಡುವ ಪರೀಕ್ಷೆಯ ಅಳತೆ, ಖನಿಜಗಳ ಅಳತೆಯಲ್ಲ. ಕಾರಿಗೆ ಟೆಫ್ಲಾನ್ ಲೇಪನವೆಂಬ ಮಾತೂ ಹಾಗೆಯೇ: ಬಾಣಲೆಗೆ ಅದನ್ನು ಕೂರಿಸಲು 300 ಡಿಗ್ರಿಗೂ ಮೀರಿದ ಕಾವು ಬೇಕು, ಕಾರಿನ ಬಣ್ಣ ಆ ಕಾವಿಗೆ ಸುಟ್ಟುಹೋಗುವುದು. ಕಲ್ಲುಸಿಡಿತವನ್ನು ನಿಜವಾಗಿ ತಾಳುವುದು ದಪ್ಪನೆಯ ಪಾಲಿಯುರೆಥೇನ್ ಹಾಳೆಯೊಂದೇ, ಅದರ ಬೆಲೆಯೂ ಅದಕ್ಕೆ ತಕ್ಕಷ್ಟು. ಇವುಗಳಲ್ಲಿ ಒಂದೂ ತುಕ್ಕಿನ ಔಷಧವಲ್ಲ. ಕಾರಿನವರು ಮಳೆಗಾಲ ಕಳೆದೊಡನೆ ಅಡಿಯ ಮಣ್ಣು ತೊಳೆಸಿ, ಬಾಗಿಲ ಕೆಳಗಿನ ನೀರಿನ ತೂತುಗಳನ್ನು ಬಿಡಿಸಿಕೊಂಡರೆ ಇವೆಲ್ಲಕ್ಕಿಂತ ಹೆಚ್ಚಿನ ರಕ್ಷಣೆ ದೊರೆಯುತ್ತದೆ. ಟ್ರೇಲರಿನವರಿಗೆ ನನ್ನ ಆಯ್ಕೆ: ಚೆನ್ನಾಗಿ ತಿಕ್ಕಿದ ಉಕ್ಕಿನ ಮೇಲೆ ಜಿಂಕ್ ಫಾಸ್ಫೇಟಿನ ಎಪಾಕ್ಸಿ ಪ್ರೈಮರು ಎರಡು ಕೋಟು, ಎಪಾಕ್ಸಿ ಬಿಸಿಲಿಗೆ ಪುಡಿಯಾಗುವುದರಿಂದ ಹೊರಮೈಗೆ ಪಾಲಿಯುರೆಥೇನು. ಹಣ ಸಾಲದಿದ್ದರೆ ಮೇಲಿನದನ್ನು ಅಗ್ಗಮಾಡಿರಿ, ಕೆಳಗಿನದನ್ನು ಬೇಡ.

ಆದರೆ ಈ ಆಯ್ಕೆ ನನ್ನ ಕೈಯ ಅನುಭವ, ಅಳೆದು ನೋಡಿದ ಶಾಸ್ತ್ರವಲ್ಲ. ನಿಯಮವೂ ನಮ್ಮ ಟ್ರೇಲರಿನ ತನಕ ಬಂದಿಲ್ಲ: ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಕೂಡದೆಂಬ ಕೇಂದ್ರದ ನಿಯಮ 2017ರ ನವೆಂಬರಿನಿಂದ ಜಾರಿಗೆ ಬಂದಿರುವುದು ಮನೆಯ ಮತ್ತು ಅಲಂಕಾರದ ಬಣ್ಣಗಳಿಗೆ ಮಾತ್ರ. ಎಲ್ಲವ್ವನ ಗುಡ್ಡಕ್ಕೆ ಬನದ ಹುಣ್ಣಿಮೆಯಂದು ಮಕ್ಕಳುಮರಿಗಳನ್ನು ಕೂರಿಸಿಕೊಂಡು ಹೋಗುವ ಟ್ರೇಲರಿನ ಹಳದಿ ಬಣ್ಣಕ್ಕೆ ಆ ಅಂಕೆ ಇಲ್ಲ. ಅಳತೆಯ ಮಾತೂ ಹಾಗೆಯೇ: ಕಾರೈಕುಡಿಯ ಕೇಂದ್ರೀಯ ವಿದ್ಯುತ್-ರಾಸಾಯನಿಕ ಸಂಶೋಧನಾ ಸಂಸ್ಥೆ ದೇಶದ ತುಕ್ಕಿನ ನಕ್ಷೆಯನ್ನೇ ಮಾಡಿದೆ. ಅದು ಗಾಳಿಯನ್ನು ಅಳೆಯಿತು, ಎರೆಮಣ್ಣಿನಡಿಯ ಚಾಸಿಯನ್ನೂ ಕಬ್ಬಿನ ಹಾಲು ಸೋರಿದ ತಳವನ್ನೂ ಅಳೆಯುವುದು ನಮ್ಮ ಪಾಲಿನ ಕೆಲಸ. ದೊಡ್ಡ ಪ್ರಯೋಗಶಾಲೆ ಇದಕ್ಕೆ ಬೇಡ. ಅಂಗೈಯಗಲದ ಉಕ್ಕಿನ ತುಂಡುಗಳನ್ನು ತೂಗಿ, ಬಗೆಬಗೆಯ ಲೇಪನ ಕೊಟ್ಟು, ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಲ್ಲಿ ಒಂದೊಂದು ಟ್ರೇಲರಿನ ಅಡಿಗೆ ಬೋಲ್ಟು ಹಾಕಿ, ಎರಡು ಹಂಗಾಮು ಕಳೆದ ಮೇಲೆ ಬಿಚ್ಚಿ ಮತ್ತೆ ತೂಗಿದರಾಯಿತು. ಸಕ್ಕರೆ ಕಾರ್ಖಾನೆಗಳವರೂ ಐ.ಟಿ.ಐ. ಗುರುಗಳೂ ಇದಕ್ಕೆ ಮನಸ್ಸು ಮಾಡಬೇಕೆಂದು ಬೇಡುತ್ತೇನೆ; ತುಂಡುಗಳನ್ನು ತಿಕ್ಕಿ ಬಣ್ಣ ಬಳಿದು ಕೊಡುವ ಕೆಲಸವನ್ನು ನಾನು ಕೂಲಿಯಿಲ್ಲದೆ ಮಾಡಿಕೊಡುವೆನು.