ಮನೆಗೆ ಬಂದ ನರ್ಸ್

ಮಾನಸಿಕ ಆರೋಗ್ಯದ ಚರಿತ್ರೆ ಎಂದರೆ ನಮಗೆ ಮೊದಲು ನೆನಪಾಗುವುದು ಆಸ್ಪತ್ರೆಗಳು. 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಿಂದ ಹೊರಬಂದ ಶೈಲಾ ಪೈ, ಆರ್.ಎಲ್. ಕಪೂರ್ ಅವರ ಅಧ್ಯಯನ ಮನೆಗಳತ್ತ ತಿರುಗಿತು. ಸ್ಕಿಜೋಫ್ರೇನಿಯಾ ಇದ್ದ ಕೆಲವರಿಗೆ ವಾರ್ಡಿನಲ್ಲಿ ಚಿಕಿತ್ಸೆ. ಉಳಿದವರ ಮನೆಗೆ ತರಬೇತಿ ಪಡೆದ ನರ್ಸ್ ಭೇಟಿ. ಮನೆಯಲ್ಲೇ ಆರೈಕೆ ಪಡೆದವರು ಹೆಚ್ಚು ಚೇತರಿಸಿಕೊಂಡರು; ಮನೆಯವರ ಹೊರೆಯೂ ಹೆಚ್ಚು ಇಳಿಯಿತು.

ಆ ಹೊರೆಯನ್ನು ಅಳೆಯುವ ಪ್ರಶ್ನಾವಳಿಯನ್ನು ಇವರಿಬ್ಬರೇ 1981ರಲ್ಲಿ ಪ್ರಕಟಿಸಿದ್ದರು. ಖರ್ಚು, ಮನೆಯ ದಿನಚರಿ, ಬಿಡುವು, ಸಂಬಂಧ, ಆರೋಗ್ಯ ಎಲ್ಲವೂ ಅದರಲ್ಲಿದ್ದವು. ಮನೆಯವರ ನಿದ್ದೆ ಕೆಟ್ಟಿದೆಯೇ ಎಂಬುದೂ ಇತ್ತು.

ಕರುಣೆಯನ್ನು ನರ್ಸ್‌ಗಳ ಹುಟ್ಟುಗುಣವೆಂದು ಹೊಗಳಿ ಸುಮ್ಮನಾಗುವುದು ಸುಲಭ. ರೋಗಿಯ ಪಕ್ಕ ನಿದ್ದೆಗೆಟ್ಟು ಕೂತವರನ್ನೂ ವಿಚಾರಿಸಬೇಕೆಂದರೆ ತರಬೇತಿ ಬೇಕು, ಸಮಯ ಬೇಕು. ಅವೆರಡನ್ನೂ ಕೊಡದೆ ಕರುಣೆಯನ್ನು ಮಾತ್ರ ನಿರೀಕ್ಷಿಸುವುದು ಅನ್ಯಾಯ.