ಗರಡಿಯ ಅನ್ನವೂ ಹರಾಜಿನ ಹಣವೂ

ಕಳೆದ ಮಾಘಮಾಸದಲ್ಲಿ ಹರಿಹರೇಶ್ವರನ ದರ್ಶನವನ್ನು ಮುಗಿಸಿಕೊಂಡು ಹರಿಹರದಿಂದ ದಾವಣಗೆರೆಗೆ ರೈಲಿನಲ್ಲಿ ಹಿಂದಿರುಗುತ್ತಿದ್ದೆನು. ಎದುರಿಗೆ ಕುಳಿತಿದ್ದ ಇಬ್ಬರು ಕಾಲೇಜು ವಿದ್ಯಾರ್ಥಿಗಳಲ್ಲಿ ಆಟಗಳ ವಿಷಯವಾಗಿ ದೊಡ್ಡ ವಾದವೇ ನಡೆದಿತ್ತು. ‘ಹಣ ಬಂದಂದಿನಿಂದ ಆಟ ಕೆಟ್ಟಿತು, ಕಾಲೇಜಿನ ಪಂದ್ಯವೊಂದೇ ನಿಜವಾದ ಆಟ’ ಎಂದು ಒಬ್ಬನ ಪಕ್ಷ. ‘ಕೂಲಿಯಿಲ್ಲದ ಆಟ ಹೊಟ್ಟೆ ತುಂಬಿದವರ ಕಾಲಹರಣ, ಬಡವನ ಮಗ ಮೇಲಕ್ಕೆ ಬರಬೇಕಾದರೆ ಹರಾಜೇ ಬೇಕು’ ಎಂದು ಇನ್ನೊಬ್ಬನ ಪಕ್ಷ. ವಾದವು ತೀರ್ಮಾನವಾಗುವ ಮೊದಲೇ ನಮ್ಮ ನಿಲ್ದಾಣವು ಬಂದಿತು. ಆಟವನ್ನು ನೋಡುವ ಚಪಲವು ಬಾಲ್ಯದಿಂದಲೂ ನನ್ನನ್ನು ಬಿಟ್ಟಿಲ್ಲವಾದ ಕಾರಣ, ಆ ಪ್ರಶ್ನೆಯೂ ನನ್ನೊಡನೆ ಮನೆಗೆ ಬಂದಿತು. ಪೂರ್ವೇತಿಹಾಸವನ್ನು ಸ್ವಲ್ಪ ತೆಗೆದುನೋಡಿದಲ್ಲಿ ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿರುವುದೆಂದು ನನಗೆ ತೋರಿದುದರಿಂದ ಈ ಲೇಖನವನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲನೆಯದಾಗಿ, ಹಣವು ಆಟದೊಳಕ್ಕೆ ನಿನ್ನೆ ಮೊನ್ನೆ ಬಂದುದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳುಳ್ಳ ಸಂಸ್ಕೃತ ಗ್ರಂಥವು. ಅದರ ವಿನೋದ ಭಾಗದಲ್ಲಿ ಮಲ್ಲವಿನೋದವೆಂಬ ಪ್ರಕರಣವೊಂದಿದೆ. ಅಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ ಮುಂತಾಗಿ ದೇಹ, ವಯಸ್ಸು, ಬಲಗಳಿಗನುಸಾರವಾಗಿ ವರ್ಗಗಳನ್ನಾಗಿ ಮಾಡಿದೆ. ನಮ್ಮ ‘ಜಟ್ಟಿ’ ಎಂಬ ಮಾತು ಈ ಜ್ಯೇಷ್ಠ ಶಬ್ದದಿಂದಲೇ ಬಂದುದೆಂದು ತಿಳಿದವರು ಹೇಳುವರು. ಮಲ್ಲರಿಗೆ ಉದ್ದು, ಮಾಂಸ, ಹಾಲು, ಮೊಸರು, ತುಪ್ಪಗಳನ್ನು ಒದಗಿಸಿ ಸಾಕುವ ಹೊಣೆಯು ಅರಸನದು. ಅಂದಮೇಲೆ ಸಾಮಂತರ ಮುಂದೆ ಸೆಣಸಿದ ಆ ಮಲ್ಲನು ಅನ್ನಕ್ಕಾಗಿಯೇ ಆಡಿದವನು. ಅಷ್ಟರಿಂದ ಅವನ ಆಟಕ್ಕೆ ಕೀಳೆಂಬ ಹೆಸರು ಬರಲಿಲ್ಲ.

ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೋ ಪಾಯೆಸನು ಮಹಾನವಮಿಯ ಮಲ್ಲಯುದ್ಧವನ್ನು ಕಣ್ಣಾರೆ ಕಂಡು ವರ್ಣಿಸಿದ್ದಾನೆ. ಹಲ್ಲು ಮುರಿಯುವಂತಹ, ಕಣ್ಣು ಹೋಗುವಂತಹ ಪೆಟ್ಟುಗಳ ನಡುವೆಯೂ ಅಲ್ಲಿ ನಾಯಕರೂ ತೀರ್ಪುಗಾರರೂ ಇದ್ದರೆಂದೂ, ಇಬ್ಬರನ್ನು ಸರಿಸಮನಾಗಿ ಕಣಕ್ಕಿಳಿಸುವುದೂ ಗೆದ್ದವನಿಗೆ ಮರ್ಯಾದೆಯನ್ನು ಸಲ್ಲಿಸುವುದೂ ಅವರ ಕೆಲಸವೆಂದೂ ಅವನು ತಿಳಿಸುತ್ತಾನೆ. ಕೃಷ್ಣದೇವರಾಯನು ಪ್ರತಿದಿನವೂ ಬೆಳಗಿಗೆ ಮುಂಚೆ ಎಳ್ಳೆಣ್ಣೆಯನ್ನು ಕುಡಿದು, ಸಾಮು ಮಾಡಿ, ತನ್ನ ಮಲ್ಲನೊಬ್ಬನೊಡನೆ ಕುಸ್ತಿ ಹಿಡಿಯುತ್ತಿದ್ದನೆಂಬುದೂ ಅವನ ಬರಹದಲ್ಲಿಯೇ ಇದೆ. ಪೋಷಕನೇ ಕಣದ ಮಣ್ಣನ್ನು ಮೈಗೆ ಹಚ್ಚಿಕೊಂಡಿದ್ದನೆಂಬುದನ್ನು ವಾಚಕರು ಗಮನಿಸಬೇಕು. ಮೈಸೂರಿನ ವಿಜಯದಶಮಿಯಂದು ಇಂದಿಗೂ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವು ಈ ಪರಂಪರೆಯ ಉಳಿಕೆಯೇ ಸರಿ.

ಅರಸರ ಕಾಲವು ಕಳೆದ ಮೇಲೆ ಆ ಹೊಣೆಯು ಊರಿಗೆ ಬಂದಿತು. ಹತ್ತಿಯ ಗಿರಣಿಗಳ ಊರಾದ ದಾವಣಗೆರೆಯಲ್ಲಿ ಕುಸ್ತಿಯು ಇಷ್ಟು ಬೇರೂರಿದುದಕ್ಕೆ ಕಾರಣವು, ದಿನವಿಡೀ ಅಂಡಿಗೆ ಹೊತ್ತ ತೋಳುಗಳೇ ಸಂಜೆ ಗರಡಿಯಲ್ಲಿ ಲೋಡನ್ನು ತಿರುಗಿಸುತ್ತಿದ್ದುದೆಂದು ನನ್ನ ಎಣಿಕೆ. ಎರಡು ವರ್ಷಕ್ಕೊಮ್ಮೆ ನಡೆಯುವ ನಗರದೇವತೆ ದುರ್ಗಾಂಬಿಕೆಯ ಜಾತ್ರೆಯಲ್ಲಿ ಬಯಲು ಕುಸ್ತಿಯಿಲ್ಲದಿದ್ದರೆ ಜಾತ್ರೆಯೇ ಅಪೂರ್ಣವು. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನಗಳನ್ನು ಬೆರೆಸಿ ಅಖಾಡವನ್ನು ಹದಮಾಡುವುದು, ಹಿರಿಯರು ಜೋಡಿ ಕಟ್ಟುವುದು, ಹಲಗೆಯ ಬಡಿತಕ್ಕೆ ಪೈಲ್ವಾನರು ತೊಡೆ ತಟ್ಟುವುದು, ಗೆದ್ದವನು ಕಡಗವನ್ನೋ ಗದೆಯನ್ನೋ ಹಿಡಿದು ಜನರ ಮಧ್ಯೆ ಸುತ್ತುವಾಗ ಅಂಗಡಿಯವರೂ ಹಮಾಲರೂ ನೋಟನ್ನು ಕೈಗಿಡುವುದು, ಇವೆಲ್ಲ ನಾನು ತಂದೆಯ ಹೆಗಲ ಮೇಲೆ ಕುಳಿತು ನೋಡಿದ ಚಿತ್ರಗಳು. ಬೆಳಗಾವಿ, ಕೊಲ್ಲಾಪುರಗಳ ಕಡೆಯ ಪೈಲ್ವಾನನು ನಮ್ಮೂರವನನ್ನು ಚಿತ್ತುಮಾಡಿದರೂ ಅವನಿಗೆ ಚಪ್ಪಾಳೆಯು ಕಡಿಮೆಯಾಗುತ್ತಿರಲಿಲ್ಲ. ಅಲ್ಲಿಯೂ ಹಣವಿತ್ತು, ಆದರೆ ಹಣಕ್ಕಿಂತ ಮೊದಲು ಉಸ್ತಾದನ ಗರಡಿಯಿತ್ತು.

ಇನ್ನು ಕಾಲೇಜಿನ ಮಾತು. ಸ್ವತಂತ್ರ ಭಾರತಕ್ಕೆ ಮೊತ್ತಮೊದಲು ವೈಯಕ್ತಿಕ ಒಲಿಂಪಿಕ್ ಪದಕವನ್ನು ತಂದವನು ಕರಾಡದ ಸಮೀಪದ ಹಳ್ಳಿಯ ಖಾಶಾಬಾ ಜಾಧವನು. ೧೯೪೮ರಲ್ಲಿ ಲಂಡನ್ನಿಗೆ ಹೋದಾಗ ಮಣ್ಣಿನ ಮಲ್ಲನಾದ ಅವನಿಗೆ ಚಾಪೆಯ ಮೇಲಿನ ಕುಸ್ತಿಯೇ ಹೊಸತು, ಆದರೂ ಆರನೆಯವನಾದನು. ೧೯೫೨ರಲ್ಲಿ ಹೆಲ್ಸಿಂಕಿಗೆ ಹೊರಡಲು ಹಣವಿಲ್ಲದಿದ್ದಾಗ, ಅವನು ಓದಿದ ಕೊಲ್ಲಾಪುರದ ರಾಜಾರಾಂ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನು ಒತ್ತೆಯಿಟ್ಟು ೭,೦೦೦ ರೂಪಾಯಿಗಳನ್ನು ಒದಗಿಸಿದರೆಂಬುದು ಪ್ರಸಿದ್ಧವಾಗಿದೆ. ಅವನು ಕಂಚಿನ ಪದಕದೊಂದಿಗೆ ಹಿಂದಿರುಗಿದನು. ಕಾಲೇಜಿನ ಆಟವು ಶುದ್ಧವೆಂದು ಆ ವಿದ್ಯಾರ್ಥಿಯು ಹೇಳಿದುದು ಈ ಅರ್ಥದಲ್ಲಾದರೆ ನಾನು ಒಪ್ಪುವೆನು. ಆದರೆ ಆ ಶುದ್ಧತೆಗೂ ಯಾರೋ ಒಬ್ಬರು ಬೆಲೆ ತೆತ್ತಿದ್ದರೆಂಬುದನ್ನು ಅವನು ಮರೆಯಬಾರದು.

ಎರಡನೆಯವನ ಪಕ್ಷಕ್ಕೆ ಕ್ರಿಕೆಟ್ಟೇ ನಿದರ್ಶನ. ೧೯೩೪ರ ನವೆಂಬರ್ ೪ರಂದು ಮದರಾಸಿನಲ್ಲಿ ನಡೆದ ರಣಜಿ ಪಂದ್ಯಾವಳಿಯ ಮೊದಲ ಆಟದಲ್ಲಿಯೇ ನಮ್ಮ ಮೈಸೂರು ತಂಡವು ೪೮ ಮತ್ತು ೫೯ ಓಟಗಳಿಗೆ ಮುಗಿದು ಒಂದೇ ದಿನದಲ್ಲಿ ಸೋತಿತು. ಆ ಪಾರಿತೋಷಕವು ಮೊದಲ ಬಾರಿಗೆ ಕರ್ನಾಟಕಕ್ಕೆ ದೊರೆತುದು ಸುಮಾರು ನಲವತ್ತು ವರ್ಷಗಳ ಅನಂತರ, ೧೯೭೩-೭೪ರಲ್ಲಿ. ಅಂತಹ ತಂಡಕ್ಕೆ ನಮ್ಮ ದಾವಣಗೆರೆಯಲ್ಲಿ ೧೯೮೪ರಲ್ಲಿ ಹುಟ್ಟಿದ ವಿನಯಕುಮಾರನು ನಾಯಕನಾಗಿ, ೨೦೧೩-೧೪, ೨೦೧೪-೧೫ರಲ್ಲಿ ಎರಡು ಬಾರಿ ಒಂದೊಂದಾಗಿ ರಣಜಿ ಪ್ರಶಸ್ತಿಯನ್ನು ತಂದನು. ಪ್ರಥಮ ದರ್ಜೆಯ ಪಂದ್ಯಗಳಲ್ಲಿ ೫೦೪ ವಿಕೆಟ್ಟುಗಳನ್ನು ಗಳಿಸಿದನು. ೨೦೦೮ರಲ್ಲಿ ಆಟಗಾರರ ಹರಾಜು ಆರಂಭವಾದ ಮೇಲೆ ಅದೇ ವಿನಯಕುಮಾರನು ಬೆಂಗಳೂರು, ಕೊಚ್ಚಿ, ಕೋಲ್ಕತ್ತಾ, ಮುಂಬಯಿ ಎಂದು ನಾಲ್ಕು ತಂಡಗಳ ಅಂಗಿಗಳನ್ನು ತೊಟ್ಟನು. ಅವುಗಳಲ್ಲಿ ಕೊಚ್ಚಿಯ ತಂಡವು ೨೦೧೧ರಲ್ಲಿ ಒಂದೇ ವರ್ಷ ಆಡಿ ಅಳಿದುಹೋಯಿತು. ದುಡಿದವನಿಗೆ ಸಂಬಳ ದೊರೆತುದರಲ್ಲಿ ತಪ್ಪೇನೂ ಇಲ್ಲ. ಆದರೆ ಅವನನ್ನು ಬೌಲರನನ್ನಾಗಿ ಮಾಡಿದುದು ಹರಾಜುಕಟ್ಟೆಯಲ್ಲ, ಊರಿನ ಮೈದಾನವೂ ರಾಜ್ಯದ ತಂಡವೂ ಎಂಬುದು ಸ್ಪಷ್ಟ. ಹರಾಜು ಹಣ್ಣನ್ನು ಕೊಳ್ಳುತ್ತದೆ. ಗಿಡಕ್ಕೆ ನೀರೆರೆಯುವುದು ಬೇರೆಯವರ ಕೆಲಸ.

ಅಭಿಮಾನಿಗಳಾದ ನಮ್ಮ ವಿಷಯವನ್ನೂ ಹೇಳಬೇಕು. ೨೦೨೫ರ ಜೂನ್ ೩ರಂದು ಬೆಂಗಳೂರಿನ ಹೆಸರಿನ ತಂಡವು ಹದಿನೆಂಟನೆಯ ಯತ್ನದಲ್ಲಿ ಗೆದ್ದಿತು. ನಾಯಕನು ಇಂದೂರಿನವನು, ಮಹಾರಥಿಯು ದೆಹಲಿಯವನು. ಆದರೂ ನಾವು ‘ನಮ್ಮವರು’ ಎಂದೆವು. ಕೊಲ್ಲಾಪುರದ ಪೈಲ್ವಾನನಿಗೆ ಚಪ್ಪಾಳೆ ತಟ್ಟಿದ ಊರಿನವನಾದ ನಾನು ಅದನ್ನು ಹಳಿಯಲಾರೆನು. ಆದರೆ ಮರುದಿನ ವಿಜಯೋತ್ಸವದ ನೂಕುನುಗ್ಗಲಿನಲ್ಲಿ ೧೧ ಮಂದಿ ಮಡಿದರು. ಪಾಯೆಸನು ಕಂಡ ತೀರ್ಪುಗಾರರು ಕಣದೊಳಗಿನವರನ್ನು ಕಾಯುತ್ತಿದ್ದರು. ಕಣದ ಹೊರಗೆ ನಿಂತವನನ್ನೂ ಕಾಯಬೇಕಾದ ಕಾಲವಿದು. ಹೆಸರನ್ನು ಮಾರುವವರಿಗೆ ಆ ಹೆಸರನ್ನು ನಂಬಿ ಬಂದವರ ಪ್ರಾಣದ ಹೊಣೆಯೂ ಇರಬೇಡವೆ?

ಇಷ್ಟು ಬರೆದ ಮೇಲೆ ನನ್ನ ತಪ್ಪೊಂದನ್ನು ಮರೆಮಾಚುವುದು ಸರಿಯಲ್ಲ. ಅಧ್ಯಾಪಕನಾಗಿದ್ದಾಗ ಆಟದ ಅವಧಿಯನ್ನು ಎಷ್ಟೋ ಸಲ ವ್ಯಾಕರಣಕ್ಕೆಂದು ಕಿತ್ತುಕೊಂಡವನು ನಾನು. ಬೆಳಗಿನ ಜಾವ ನಾಲ್ಕಕ್ಕೆ ಗರಡಿಗೆ ಹೋಗಿ ಬಂದು ತರಗತಿಯಲ್ಲಿ ತೂಕಡಿಸುತ್ತಿದ್ದ ಹುಡುಗನೊಬ್ಬನನ್ನು ಬೆಂಚಿನ ಮೇಲೆ ನಿಲ್ಲಿಸಿ, ‘ಮೈ ಬೆಳೆದರೆ ಸಾಕೆ?’ ಎಂದು ನಗಿಸಿದ್ದೆನು. ಅವನು ಮರುವರ್ಷ ಶಾಲೆಗೆ ಬರಲಿಲ್ಲ. ಕೆಲವು ವರ್ಷಗಳ ಮೇಲೆ ಜಾತ್ರೆಯ ಅಖಾಡದಲ್ಲಿ ಗೆದ್ದ ಅವನೇ ಮೈಯೆಲ್ಲ ಮಣ್ಣಾಗಿ ಬಂದು ನನ್ನ ಕಾಲು ಮುಟ್ಟಿದನು. ಮುಂದಿನ ಜಾತ್ರೆಯಲ್ಲಿ ಅವನು ಕಾಣಲಿಲ್ಲ. ಮಂಡಿಪೇಟೆಯಲ್ಲಿ ಮೂಟೆ ಹೊರುತ್ತಿದ್ದವನನ್ನು ಗುರುತಿಸಿ ಕೇಳಿದೆನು. ‘ಉಸ್ತಾದ್ರು ತೀರ್ಕಂಡ್ರು ಸಾರ್. ಗರಡಿ ಬಾಗ್ಲು ಹಾಕೈತಿ. ಹಾಲು, ಬಾದಾಮಿಗೆ ಯಾರು ಕೊಡ್ತಾರೆ?’ ಎಂದಷ್ಟೇ ಹೇಳಿ ಮೂಟೆಯನ್ನು ಸರಿಪಡಿಸಿಕೊಂಡು ಹೋದನು. ಅವನ ಪಾಲಿಗೆ ಹರಾಜೂ ಇರಲಿಲ್ಲ, ಕಾಲೇಜೂ ಇರಲಿಲ್ಲ. ಕಾಲೇಜಿನ ಬಾಗಿಲನ್ನು ಮುಚ್ಚಿದವರಲ್ಲಿ ನಾನೂ ಒಬ್ಬನು.

ಆದುದರಿಂದ ನನ್ನ ಸಿದ್ಧಾಂತವಿಷ್ಟು. ಆಟವು ಬಾಳಬೇಕಾದರೆ ಮೂರು ಬೇಕು: ಅನ್ನ, ಅಂಗಳ, ಆಚಾರ್ಯ. ಇವನ್ನು ಹಿಂದೆ ಅರಸನು ಕೊಟ್ಟನು, ಆಮೇಲೆ ಊರು ಕೊಟ್ಟಿತು. ಇಂದು ಕೊಡಬೇಕಾದುದು ವಿದ್ಯಾಸಂಸ್ಥೆಗಳು. ೧೯೫೧ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನೂ ೨೦೦೯ರಲ್ಲಿ ತನ್ನದೇ ವಿಶ್ವವಿದ್ಯಾನಿಲಯವನ್ನೂ ಪಡೆದ ದಾವಣಗೆರೆಗೆ ಇದು ಅಸಾಧ್ಯವಲ್ಲ. ಸರ್ಕಾರದ ಕ್ರೀಡಾನಿಲಯವು ಕುಸ್ತಿಯ ಹುಡುಗರಿಗೆ ಊಟ, ವಸತಿ, ಶಿಕ್ಷಣಗಳನ್ನು ಕೊಟ್ಟು ದಾರಿಯನ್ನು ತೋರಿಸಿಯೇ ಇದೆ. ಕಟ್ಟಡಕ್ಕಾಗಿ ಮೈದಾನವನ್ನು ನುಂಗದಿರುವುದು, ವರ್ಷಕ್ಕೊಂದು ದಿನದ ಕ್ರೀಡೋತ್ಸವಕ್ಕೆ ತೃಪ್ತರಾಗದಿರುವುದು, ಹರಾಜಿನ ಲಾಭದಲ್ಲಿ ಒಂದು ಪಾಲು ಊರಿನ ಅಂಗಳಕ್ಕೆ ಹಿಂದಿರುಗುವುದು, ಇವಾದರೆ ಆ ಇಬ್ಬರು ವಿದ್ಯಾರ್ಥಿಗಳ ಜಗಳವೂ ನಿಂತೀತು.

ಹರಿಹರದ ಗುಡಿಯನ್ನು ಹೊಯ್ಸಳರ ದಂಡನಾಯಕ ಪೋಲಾಳ್ವನು ೧೨೨೪ರಲ್ಲಿ ಕಟ್ಟಿಸಿದನು. ಅಲ್ಲಿ ಹರಿಯೂ ಹರನೂ ಒಂದೇ ಮೂರ್ತಿಯಾಗಿ ನಿಂತಿದ್ದಾರೆ; ಅರ್ಧವನ್ನು ತೆಗೆದರೆ ಉಳಿಯುವುದು ಭಗ್ನವಿಗ್ರಹವಷ್ಟೆ. ಕೂಲಿಯ ಆಟ, ಕಲಿಕೆಯ ಆಟಗಳ ಸಂಬಂಧವೂ ಹಾಗೆಯೇ. ಮುಂದಿನ ಜಾತ್ರೆಯ ಅಖಾಡದಲ್ಲಿ ತೊಡೆ ತಟ್ಟುವ ಹುಡುಗನಿಗೆ ಮರುದಿನ ಗರಡಿಯ ಬಾಗಿಲೂ ಶಾಲೆಯ ಬಾಗಿಲೂ ತೆರೆದಿರುವಂತೆ ನೋಡಿಕೊಳ್ಳುವ ಭಾರವು ಊರಿನವರಾದ ನಮ್ಮೆಲ್ಲರದು.