ಸ್ಪ್ಯಾನಿಶ್ ಕಲಿಯೋಕೆ ಹೋದ ಮನೇಲಿ ಅಜ್ಜಿಯ ಭಾಷೆ ಬೇರೆ ಇತ್ತು

1/6
"ಆರು ವಾರ ಗ್ವಾಟೆಮಾಲಾದಲ್ಲಿ ಇದ್ದು ಏನು ಕಲಿತೆ?" ಅಂತ ಕ್ಲಾಸಲ್ಲಿ ಎಲ್ಲರೂ ಕೇಳ್ತಿದ್ರಲ್ಲ, ಉತ್ತರ ಆರು ಪೋಸ್ಟಲ್ಲಿ ಬರೀತಿದ್ದೀನಿ.

ಮೊದಲನೇ ರಾತ್ರಿ ಊಟ ಮುಗಿಸಿ, ತಟ್ಟೆ ಎತ್ಕೊಂಡು ಸುಮ್ಮನೆ ಎದ್ದುಬಿಟ್ಟೆ. ಮೇಜಿನ ಸುತ್ತ ಕೂತಿದ್ದವರೆಲ್ಲ ನನ್ನ ಮುಖ ನೋಡಿದ್ರು. ಅಲ್ಲಿ ಊಟ ಮುಗಿಸಿ ಏಳುವವರು ಎಲ್ಲರಿಗೂ "ಮುಚಾಸ್ ಗ್ರಾಸಿಯಾಸ್" ಅನ್ನಬೇಕು, ಕೂತವರು "ಬ್ವೆನ್ ಪ್ರೊವೆಚೊ" ಅಂತಾರೆ. ಧನ್ಯವಾದ ಅಡುಗೆ ಮಾಡಿದವರಿಗೆ ಮಾತ್ರ ಅಲ್ಲ, ಜೊತೆಗೆ ಕೂತು ಉಂಡವರಿಗೂ. ಇದನ್ನ ನನಗೆ ಹೇಳಿಕೊಟ್ಟಿದ್ದು ಆ ಮನೆಯ ಆರು ವರ್ಷದ ಮೊಮ್ಮಗಳು. ನಮ್ಮನೇಲಿ ಅಮ್ಮನಿಗೆ ಥ್ಯಾಂಕ್ಸ್ ಅಂದ್ರೆ "ಏನಿದು ಹೊಸದಾಗಿ?" ಅಂತ ಬೈತಾರೆ!

2/6
ಊರಿನ ಹೆಸರು ಆಂಟಿಗ್ವಾ. ಹಾಗಂದ್ರೆ "ಹಳೆಯದು". ಒಂದು ಕಾಲದಲ್ಲಿ ಇದೇ ರಾಜಧಾನಿ. 1773ರ ಭೂಕಂಪದಲ್ಲಿ ಊರು ಕುಸಿದುಬಿತ್ತು, 1776ರಲ್ಲಿ ರಾಜಧಾನಿ ಈಗಿನ ಗ್ವಾಟೆಮಾಲಾ ಸಿಟಿ ಇರುವ ಜಾಗಕ್ಕೆ ಹೋಯ್ತು. ಮುರಿದ ಚರ್ಚುಗಳು ಇವತ್ತಿಗೂ ಹಾಗೇ ನಿಂತಿವೆ. ಕಲ್ಲು ಹಾಸಿದ ಬೀದಿ, ಅದರ ಹಿಂದೆ ಹೊಗೆ ಉಗುಳುವ ಫ್ವೇಗೊ ಜ್ವಾಲಾಮುಖಿ.

ಈಗ ಈ ಊರಿನ ದೊಡ್ಡ ಕಸುಬುಗಳಲ್ಲಿ ಒಂದು, ಹೊರಗಿನವರಿಗೆ ಸ್ಪ್ಯಾನಿಶ್ ಕಲಿಸೋದು. ಒಬ್ಬ ವಿದ್ಯಾರ್ಥಿಗೆ ಒಬ್ಬರೇ ಟೀಚರ್. ಅರ್ಧ ದಿನ ಪಾಠ, ಉಳಿದ ಹೊತ್ತು ಒಂದು ಕುಟುಂಬದ ಜೊತೆ ವಾಸ. ವಾರಕ್ಕೆ ಇಷ್ಟು ಅಂತ ಕಟ್ಟಿದ ದುಡ್ಡಲ್ಲಿ ಒಂದು ಪಾಲು ಆ ಮನೆಗೆ ಹೋಗುತ್ತೆ. ಬೆಳಗ್ಗೆ ಕಲಿತ ಕ್ರಿಯಾಪದ ಮಧ್ಯಾಹ್ನ ಹುರುಳಿಕಾಯಿ ಬಿಡಿಸ್ತಾ ಬಾಯಿಗೆ ಬರಲೇಬೇಕು. ಬರಲಿಲ್ಲ ಅಂದ್ರೆ ಉಪ್ಪು ಕೇಳೋಕೂ ಆಗಲ್ಲ!

3/6
ಒಂದು ವಿಷಯದಲ್ಲಿ ನಾವು ಕನ್ನಡದವರು ಪುಣ್ಯವಂತರು. "ಉಸ್ತೆದ್" ಅಂದ್ರೆ ನೀವು, "ವೋಸ್" ಅಂದ್ರೆ ನೀನು. ಯಾರಿಗೆ ಯಾವುದು ಅನ್ನೋದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಪಕ್ಕದ ಕೋಣೆಯ ಅಮೆರಿಕದ ಹುಡುಗ ಅಜ್ಜಿಗೂ "ವೋಸ್" ಅಂದು ಎಲ್ಲರ ನಗು ತಿಂದ.

ಆದ್ರೆ ನನಗೆ ಗೊತ್ತಾಗದೇ ಇದ್ದ ವಿಷಯ ಬೇರೆ. ಆ ಅಜ್ಜಿ ಎಲ್ಲರ ಜೊತೆ ಸ್ಪ್ಯಾನಿಶ್ ಮಾತಾಡ್ತಿದ್ರು, ನಿಧಾನವಾಗಿ, ಪದ ಹುಡುಕಿ ಹುಡುಕಿ. ವಯಸ್ಸಾಗಿದೆ, ಅದಕ್ಕೇ ಅಂದ್ಕೊಂಡಿದ್ದೆ. ಒಂದು ಭಾನುವಾರ ಅವರ ತಂಗಿ ಬಂದ್ರು. ಇಬ್ಬರೂ ಒಲೆ ಮುಂದೆ ಕೂತು ಟೊರ್ಟಿಯಾ ತಟ್ಟುತ್ತಾ ಇನ್ನೊಂದೇ ಭಾಷೆಯಲ್ಲಿ ಪಟಪಟ ಅಂತ ಶುರು ಮಾಡಿದ್ರು. ಅಜ್ಜಿ ಅಷ್ಟು ಜೋರಾಗಿ ನಕ್ಕಿದ್ದು ನಾನು ನೋಡಿದ್ದು ಅವತ್ತೇ.

ಅದು ಕಕ್ಚಿಕೆಲ್. ಗ್ವಾಟೆಮಾಲಾದ 22 ಮಾಯಾ ಭಾಷೆಗಳಲ್ಲಿ ಒಂದು. ಅಂದ್ರೆ ನಾನು "ಅಲ್ಲಿಯವರ ಭಾಷೆ" ಅಂತ ಕಲಿಯೋಕೆ ಹೋಗಿದ್ದ ಸ್ಪ್ಯಾನಿಶ್ ಅಜ್ಜಿಗೂ ಕಲಿತ ಭಾಷೆಯೇ.

4/6
"ನಿಮಗೆ ಬರುತ್ತಾ?" ಅಂತ ಮಗಳನ್ನ ಕೇಳಿದೆ. "ಅರ್ಥ ಆಗುತ್ತೆ, ಮಾತಾಡಲ್ಲ" ಅಂದ್ರು. ಮೊಮ್ಮಗಳಿಗೆ ಅದೂ ಇಲ್ಲ.

ಇಲ್ಲಿಂದ ಇತಿಹಾಸ ಶುರು. 1524ರಲ್ಲಿ ಪೆದ್ರೊ ದೆ ಅಲ್ವರಾದೊ ಸ್ಪೇನ್ ಸೈನ್ಯದ ಜೊತೆ ಬಂದ. ಸ್ಪ್ಯಾನಿಷರು ಮೊದಲ ರಾಜಧಾನಿ ಮಾಡಿದ್ದು ಕಕ್ಚಿಕೆಲ್ ಜನರ ರಾಜಧಾನಿ ಇಶಿಮ್ಚೆಯ ಹತ್ತಿರವೇ. ಆಮೇಲೆ ಶತಮಾನಗಟ್ಟಲೆ ಆಡಳಿತ, ಕೋರ್ಟು, ಶಾಲೆ ಎಲ್ಲ ಸ್ಪ್ಯಾನಿಶ್.

1960ರಿಂದ 1996ರವರೆಗೆ 36 ವರ್ಷ ಅಂತರ್ಯುದ್ಧ. ಸತ್ತವರು ಮತ್ತು ಕಾಣೆಯಾದವರು ಸೇರಿ 2 ಲಕ್ಷಕ್ಕೂ ಹೆಚ್ಚು ಅಂತ ಸತ್ಯಶೋಧನಾ ಆಯೋಗ 1999ರಲ್ಲಿ ಅಂದಾಜು ಮಾಡಿತು. ಗುರುತು ಸಿಕ್ಕವರಲ್ಲಿ 83% ಮಾಯಾ ಜನ. 80ರ ದಶಕದ ಶುರುವಿನಲ್ಲಂತೂ ನೇಯ್ದ ಉಡುಪೇ ಊರಿನ ಗುರುತು ಹೇಳಿಬಿಡುತ್ತೆ ಅಂತ ಎಷ್ಟೋ ಹೆಂಗಸರು ಅದನ್ನ ಬಿಟ್ಟರು. ಅಂಥ ಹೊತ್ತಲ್ಲಿ ಒಬ್ಬ ತಾಯಿ ಮಗಳಿಗೆ "ಸ್ಪ್ಯಾನಿಶ್ ಮಾತಾಡು ಸಾಕು" ಅಂದ್ರೆ, ತಪ್ಪು ಅನ್ನೋಕೆ ನಾವ್ಯಾರು?

ಇನ್ನೊಂದು ದಾರಿ ಹಿಡಿದವರೂ ಇದ್ರು. ಕಿಚೆ ಭಾಷೆಯ ರಿಗೊಬೆರ್ತಾ ಮೆಂಚು ಸ್ಪ್ಯಾನಿಶ್ ಕಲಿತರು. ತಮ್ಮ ಜನಕ್ಕೆ ಆದದ್ದನ್ನ ಅದೇ ಭಾಷೆಯಲ್ಲಿ ಜಗತ್ತಿಗೆ ಹೇಳಿದ್ರು. 1992ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

5/6
ಈಗ ನನಗೆ ತುಂಬಾ ಇಷ್ಟವಾದ ಭಾಗ. ಆಂಟಿಗ್ವಾದಲ್ಲಿ 1969ರಲ್ಲಿ ಒಂದು ಸಂಸ್ಥೆ ಹುಟ್ಟಿತು: ಪ್ರೊಯೆಕ್ಟೊ ಲಿಂಗ್ವಿಸ್ತಿಕೊ ಫ್ರಾನ್ಸಿಸ್ಕೊ ಮರೋಕಿನ್. ಹೊರಗಿನವರಿಗೆ ಸ್ಪ್ಯಾನಿಶ್ ಕಲಿಸೋದು, ಬಂದ ದುಡ್ಡನ್ನ ಮಾಯಾ ಭಾಷೆಗಳ ಕೆಲಸಕ್ಕೆ ಹಾಕೋದು. ಟೆರೆನ್ಸ್ ಕಾಫ್‌ಮನ್, ನೋರಾ ಇಂಗ್ಲೆಂಡ್ ಥರದ ಭಾಷಾವಿಜ್ಞಾನಿಗಳು 70ರ ದಶಕದಲ್ಲಿ ಅಲ್ಲಿ ಪಾಠ ಮಾಡಿದ್ರು. ಪಾಠ ಕೇಳಿದವರು ಆ ಭಾಷೆಗಳನ್ನೇ ಮನೇಲಿ ಆಡುವ ಮಾಯಾ ಯುವಕರು. ತಮ್ಮ ಭಾಷೆಯ ವ್ಯಾಕರಣ, ನಿಘಂಟು ತಾವೇ ಬರೆಯೋದು ಕಲಿತರು. ಆಮೇಲೆ ಸಂಸ್ಥೆಯನ್ನೂ ಅವರೇ ನಡೆಸಿದ್ರು.

ಆ ತಲೆಮಾರಿನ ಕೆಲಸದ ಫಲ ಆಮೇಲೆ ಕಾಣಿಸ್ತು. 1987ರಲ್ಲಿ ಮಾಯಾ ಭಾಷೆಗಳಿಗೆ ಒಂದೇ ಅಕ್ಷರಮಾಲೆಗೆ ಸರ್ಕಾರದ ಒಪ್ಪಿಗೆ, 1990ರಲ್ಲಿ ಮಾಯಾ ಭಾಷೆಗಳ ಅಕಾಡೆಮಿಗೆ ಕಾನೂನು, 2003ರಲ್ಲಿ ರಾಷ್ಟ್ರೀಯ ಭಾಷೆಗಳ ಕಾಯ್ದೆ.

ಎಲ್ಲಾ ಶಾಲೆಗಳೂ ಹೀಗಲ್ಲ. ಅದಕ್ಕೇ ಎಲ್ಲಾದ್ರೂ ಭಾಷೆ ಕಲಿಯೋಕೆ ಹೋಗೋರು ಒಂದು ಪ್ರಶ್ನೆ ಕೇಳಿ: ನಾನು ಕೊಡೋ ದುಡ್ಡು ಎಲ್ಲಿಗೆ ಹೋಗುತ್ತೆ?

6/6
ಕೊನೆಯ ವಾರ ಅಜ್ಜಿ ಹತ್ರ ಒಂದು ಪದ ಕೇಳಿ ಕಲಿತೆ. "ಮತ್ಯೋಶ್" ಅಂದ್ರೆ ಧನ್ಯವಾದ. ಊಟ ಮುಗಿಸಿ ಎದ್ದಾಗ ಹಾಗೇ ಅಂದೆ. ಅಜ್ಜಿ ಏನೂ ಅನ್ನಲಿಲ್ಲ, ಇನ್ನೊಂದು ಟೊರ್ಟಿಯಾ ಹಾಕಿ ಮತ್ತೆ ಕೂರಿಸಿದ್ರು. ಮೊಮ್ಮಗಳು "ಅಂದ್ರೇನು?" ಅಂತ ನನ್ನನ್ನ ಕೇಳಿದಳು. ನನ್ನನ್ನ! ನಾನು ಅಜ್ಜಿ ಕಡೆ ಕೈ ತೋರಿಸಿದೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಅಜ್ಜಿ ಬಂಟ್ವಾಳದವರು. ಅವರ ಭಾಷೆ ತುಳು, ನನಗೆ ಬರೋದು ನಾಲ್ಕೇ ಪದ. ಅಷ್ಟು ದೂರ ಹೋಗಿ ಇನ್ನೊಬ್ಬರ ಅಜ್ಜಿಯ ಭಾಷೆ ಕೇಳಿದೆ, ಮನೇಲಿ ಇರೋರನ್ನ ಒಂದು ದಿನ ಕೇಳಿರಲಿಲ್ಲ. ಫೋನ್ ಮಾಡಿದೆ. ಅಲ್ಲಿ ರಾತ್ರಿ 8, ಇಲ್ಲಿ ಬೆಳಗ್ಗೆ 7:30. "ಅಜ್ಜಿ, ಒಣಸ್ ಆಂಡಾ?" ಅಂದೆ. "ಬೆಳ್‌ಬೆಳಗ್ಗೆ ಯಾರು ಊಟ ಮಾಡ್ತಾರೆ ಮಾರಾಯಾ?" ಅಂತ ನಕ್ಕರು. ಆಮೇಲೆ ನಿಧಾನವಾಗಿ ತುಳುವಲ್ಲೇ ಮಾತು ಮುಂದುವರಿಸಿದ್ರು. ನನಗೆ ಅರ್ಧ ಅರ್ಥ ಆಯ್ತು, ಅರ್ಧ ಇಲ್ಲ. ಈಗ ಭಾನುವಾರ ಭಾನುವಾರ ಫೋನ್ ಮಾಡ್ತೀನಿ.

ನಿಮ್ಮನೇಲಿ ಯಾರಾದ್ರೂ ನಿಮಗೆ ಬರದ ಭಾಷೆ ಮಾತಾಡ್ತಾರಾ? ತುಳು, ಕೊಡವ, ಕೊಂಕಣಿ, ಬ್ಯಾರಿ, ಲಂಬಾಣಿ, ಯಾವುದಾದ್ರೂ ಸರಿ. ಇವತ್ತು ಒಂದು ಪದ ಕೇಳಿ, ಅರ್ಥದ ಜೊತೆ ಕಾಮೆಂಟಲ್ಲಿ ಹಾಕಿ. ನಾನು ಎಲ್ಲಾ ಓದ್ತೀನಿ.